ವಾರಗಿತ್ತಿಯ ಬ್ಯಾಟರಿ ಅಂಗಡಿ

ಜಿಪಾರಾಳ ವಿಷಯ ಹೇಳಿ ಎಂದರೆ ಬೆಟ್ಟಗಳ ನಡುವಿನ ನಮ್ಮ ನಾರಿನ್ ಪೇಟೆಯಲ್ಲಿ ಯಾರು ಬೇಕಾದರೂ ಬಾಯಿ ತುಂಬ ಹೇಳುತ್ತಾರೆ. ಆದರೆ ಅವಳನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಇನ್ನೊಬ್ಬರಿಲ್ಲ. ಪ್ರೀತಿಯಿಂದ ನೋಡುವವರು ನಡುನಡುವೆ ಬೇರೆ ಕಡೆಯೂ ನೋಡುತ್ತಾರೆ. ಹೊಟ್ಟೆಕಿಚ್ಚಿನಿಂದ ನೋಡುವವಳಿಗೆ ಅಷ್ಟು ಪುರುಸೊತ್ತಿಲ್ಲ. ಅವಳು ನನ್ನ ಮೈದುನನ ಹೆಂಡತಿ. ನಾನು ಹಿರಿಸೊಸೆ ಸಬೀರಾ, ಅವಳು ಕಿರಿಸೊಸೆ.

ಅವಳದು ಅಂಗಡಿ ಅನ್ನುವುದಕ್ಕಿಂತ ಡಬ್ಬಿ. ಸಾಮಾನು ಸಾಗಿಸುವ ಹಳೇ ಕಬ್ಬಿಣದ ಕಂಟೇನರ್ ಒಂದಕ್ಕೆ ಬಾಗಿಲು ಕೊರೆದು ಒಳಗೊಂದು ಮೇಜು ಹಾಕಿಕೊಂಡಿದ್ದಾಳೆ. ಎಡಕ್ಕೆ ಕುದುರೆಯ ಜೀನು ಮಾರುವವನು, ಬಲಕ್ಕೆ ಕಂಬಳಿ ಟೋಪಿ ಮಾರುವವಳು, ನಡುವೆ ಫೋನಿನ ಬ್ಯಾಟರಿ ಬದಲಾಯಿಸುವ ಜಿಪಾರಾ. ರಸ್ತೆಯ ಈಚೆ ಬದಿಗೆ, ಗೋಡೆಯಲ್ಲಿ ಬಿಸಿನೀರಿನ ಕೊಳವೆ ಹರಿಯುವ ಪಕ್ಕಾ ಕಟ್ಟಡದಲ್ಲಿ, ನನ್ನ ಅಂಗಡಿ. ಗಾಜಿನ ಬೀರು, ಬೆಳ್ಳನೆ ದೀಪ, ಸಾಲಾಗಿ ನಿಲ್ಲಿಸಿದ ಹೊಸ ಫೋನುಗಳು. ಬಂದವರು ಬೂಟು ಒರೆಸಿಕೊಂಡೇ ಒಳಗೆ ಬರುತ್ತಾರೆ. ಅವಳ ಡಬ್ಬಿಗೆ ಬೂಟಿನ ಸಗಣಿಯ ಸಮೇತ ನುಗ್ಗುತ್ತಾರೆ.

ನಾರಿನ್‌ನಲ್ಲಿ ಜನವರಿ ಬಂತೆಂದರೆ ಫೋನುಗಳಿಗೆ ಕಾಯಿಲೆ. ಮನೆಯೊಳಗೆ ನೂರಕ್ಕೆ ಅರವತ್ತು ಚಾರ್ಜ್ ತೋರಿಸುತ್ತಿದ್ದ ಫೋನು ಬೀದಿಗೆ ಬಂದು ಕಿವಿಗಿಟ್ಟ ಕೂಡಲೇ ಕಪ್ಪಗಾಗುತ್ತದೆ. ನ್ಯಾಯವಾಗಿ ಅದು ನನ್ನ ಸುಗ್ಗಿ. ಒಂದು ಸಲ ಶಾಲೆಯ ಟೀಚರ್ ಒಬ್ಬಳು ಬಂದಳು. ಅವಳಿಗೆ ಚಹಾ ಕೊಟ್ಟು, ಒಂದು ಗಂಟೆ ಮಾತಾಡಿ, ನೀಲಿ ಬಣ್ಣದ ಹೊಸ ಫೋನನ್ನು ಅವಳ ಅಂಗೈಗೇ ಇಟ್ಟೆ. ಅವಳು ಅದರಲ್ಲಿ ತನ್ನ ಮುಖ ನೋಡಿಕೊಂಡಳು, ನಕ್ಕಳು, ಕೂದಲು ಸರಿಮಾಡಿಕೊಂಡಳು. ಇನ್ನೇನು ಪರ್ಸಿಗೆ ಕೈ ಹಾಕಬೇಕು, "ಮನೆಯವರನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ" ಎಂದು ಎದ್ದಳು. ಅವಳ ಮನೆಯವರು ಜಿಪಾರಾಳ ಡಬ್ಬಿಯೊಳಗೆ ಕೂತಿರಲಿಲ್ಲ. ಆದರೂ ಅವಳು ಹೋದದ್ದು ಅಲ್ಲಿಗೇ. ಮುಕ್ಕಾಲು ಗಂಟೆಯಾದ ಮೇಲೆ ಅದೇ ಹಳೇ ಫೋನನ್ನು ಕಿವಿಗಿಟ್ಟುಕೊಂಡು, ಆ ಮೈ ಕೊರೆಯುವ ಚಳಿಯಲ್ಲಿ ಗಟ್ಟಿಯಾಗಿ ನಗುತ್ತಾ ನನ್ನ ಕಿಟಕಿಯ ಮುಂದೆಯೇ ನಡೆದುಹೋದಳು.

ಜಿಪಾರಾ ಕೆಲಸ ಮಾಡುವುದನ್ನು ನೋಡಬೇಕು. ನೋಡಿದಷ್ಟೂ ನನಗೆ ಉರಿಯುತ್ತದೆ. ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ಹಾಕಿಕೊಂಡು, ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು, ಅಂಟು ಮೆತ್ತಗಾಗುವವರೆಗೆ ಗಿರಾಕಿಯ ಮಕ್ಕಳು, ಕುರಿ, ಮಂಡಿನೋವು ಎಲ್ಲವನ್ನೂ ವಿಚಾರಿಸುತ್ತಾಳೆ. ಆಮೇಲೆ ತೆಳ್ಳನೆ ಪ್ಲಾಸ್ಟಿಕ್ ಚೂರನ್ನು ಸಂದಿಗೆ ತೂರಿಸಿ ಮೆಲ್ಲಗೆ ಸುತ್ತ ಎಳೆಯುತ್ತಾಳೆ. ಬ್ಯಾಟರಿಯ ಅಡಿಗೆ ಎರಡು ಹನಿ ಸ್ಪಿರಿಟ್ ಬಿಡುತ್ತಾಳೆ. ಕೀಳುವುದಿಲ್ಲ, ಚುಚ್ಚುವುದಿಲ್ಲ. ಅದು ತಾನಾಗಿಯೇ ಬಿಟ್ಟುಕೊಂಡು ಮೇಲೆ ಬರುತ್ತದೆ. ಊದಿಕೊಂಡ ಬ್ಯಾಟರಿಯಾದರೆ, ಬೆಂಕಿ ಹತ್ತದಿರಲಿ ಎಂದು, ಹೊರಗಿನ ಮರಳಿನ ಬಾಣಲೆಗೆ ಹಾಕಿ ಬರುತ್ತಾಳೆ. ಕೊನೆಗೆ, "ನಿಮ್ಮ ಫೋನಿಗೇನೂ ಆಗಿಲ್ಲ. ಬ್ಯಾಟರಿಗೆ ಸುಸ್ತಾಗಿತ್ತು ಅಷ್ಟೆ. ಇನ್ನು ಎರಡು ವರ್ಷ ಯೋಚನೆ ಇಲ್ಲ" ಎನ್ನುತ್ತಾಳೆ. ಎರಡು ವರ್ಷ ಎಂದರೆ ಎರಡು ವರ್ಷವೇ ಬರುತ್ತದೆ. ಬ್ಯಾಟರಿಯ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದನ್ನು ಇಡೀ ಪೇಟೆಯಲ್ಲಿ ಒಬ್ಬರೂ ಕೇಳಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತೀರಾ ಹಾಳಾದ ಫೋನು ಬಂದರೆ, "ಇದಕ್ಕೆ ಬ್ಯಾಟರಿ ಹಾಕಿದ್ರೆ ನಿಮ್ಮ ದುಡ್ಡು ದಂಡ. ಎದುರಿಗೆ ನಮ್ಮಕ್ಕನ ಅಂಗಡಿ ಇದೆ, ಹೊಸದು ತಗೊಳ್ಳಿ, ಒಳ್ಳೇದು ಕೊಡ್ತಾರೆ" ಎಂದು ನನ್ನ ಹತ್ತಿರ ಕಳಿಸುತ್ತಾಳೆ. ಹಾಗೆ ಬಂದವರು ತಕರಾರಿಲ್ಲದೆ ಕೊಳ್ಳುತ್ತಾರೆ. ನನ್ನ ವ್ಯಾಪಾರದ ಅರ್ಧ ಅವಳು ಬೇಡವೆಂದು ಬಿಟ್ಟದ್ದು. ಇದನ್ನು ನುಂಗಿಕೊಂಡು ಬದುಕಿ ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ.

ಅವಳು ಅತ್‌ಬಾಶಿ ಕಡೆಯ ಹುಡುಗಿ. ಮದುವೆಗೆ ಮುಂಚೆ ಎರಡು ವರ್ಷ ರಾಜಧಾನಿ ಬಿಷ್ಕೆಕ್‌ನಲ್ಲಿ ರಿಪೇರಿಯವರ ನಡುವೆ ಕೂತು ಕೆಲಸ ಕಲಿತಿದ್ದಳಂತೆ. ಹನ್ನೊಂದು ವರ್ಷದ ಹಿಂದೆ ಸೊಸೆಯಾಗಿ ಬಂದ ದಿನ ಅವಳ ಪೆಟ್ಟಿಗೆ ಬಿಚ್ಚಿದರೆ ರಜಾಯಿಗಳ ನಡುವೆ ಒಂದು ಸುರುಳಿ ಸ್ಕ್ರೂಡ್ರೈವರುಗಳು! ಹೆಂಗಸರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು. ನಾವು ಅಪಾ ಎಂದು ಕರೆಯುವ ನಮ್ಮತ್ತೆ ಜೂರಕಾನ್ ಮಾತ್ರ ಒಂದನ್ನು ಎತ್ತಿ ನೋಡಿ, "ನನ್ನ ರೇಡಿಯೊ ಮೂರು ವರ್ಷದಿಂದ ಮೂಗಿ ಆಗಿದೆ ಕಣೇ ಮಗಳೇ" ಎಂದರು. ಮುಸುಕು ತೆಗೆಯುವ ಮೊದಲೇ ಮದುಮಗಳು ರೇಡಿಯೊ ಬಿಚ್ಚಿಕೊಂಡು ಕೂತಳು. ನಾನು ಬಂದಾಗ ತಂದ ಹನ್ನೆರಡು ರಜಾಯಿಗಳನ್ನು ಅತ್ತೆ ಎಣಿಸಿ ಒಳಗಿಟ್ಟಿದ್ದರು, ಅಷ್ಟೆ.

ನನ್ನ ಗಂಡ ಮೆಲಿಸ್ ಕೂಡ ಅವಳ ಪಕ್ಷದವನೇ. ಹೋದ ವರ್ಷ ಅವನ ಫೋನು ಮಧ್ಯಾಹ್ನಕ್ಕೇ ಸಾಯುತ್ತಿತ್ತು. ಹೊಸದು ಕೊಡುತ್ತೇನೆ ಎಂದರೆ ನಾಳೆ ನಾಡಿದ್ದು ಎನ್ನುತ್ತಿದ್ದ. ಇದ್ದಕ್ಕಿದ್ದಂತೆ ಅದು ರಾತ್ರಿವರೆಗೂ ಬರತೊಡಗಿತು. ನಾನು ಫೋನನ್ನು ಕೈಗೆತ್ತಿಕೊಂಡು ಮೂಸಿ ನೋಡಿದೆ. ಸ್ಪಿರಿಟ್ ವಾಸನೆ.

"ಎದುರುಗಡೆ ಹೋಗಿದ್ರಾ?"

"ಇಲ್ಲಪ್ಪಾ... ಹಾಗೇ ದಾರೀಲಿ ಹೋಗ್ತಾ ಇದ್ದೆ, ಅವಳೇ ಕರೆದ್ಲು."

"ಹೆಂಡ್ತಿ ಅಂಗಡೀಲಿ ನಲವತ್ತು ಫೋನ್ ಇಟ್ಕೊಂಡು ಮೈದುನನ ಹೆಂಡ್ತಿ ಹತ್ರ ಬ್ಯಾಟರಿ ಹಾಕಿಸ್ಕೊಂಡು ಬರ್ತೀರಲ್ಲ, ನಾಚಿಕೆ ಆಗಲ್ವಾ?"

"ಈ ಫೋನ್ ಕೈಗೆ ಅಭ್ಯಾಸ ಆಗಿದೆ ಕಣೇ. ಸುಸ್ತಾಯ್ತು ಅಂತ ಹೊಸದು ತರೋದಾದ್ರೆ ನೀನು ನನ್ನನ್ನ ಯಾವತ್ತೋ ಬದಲಾಯಿಸಬೇಕಿತ್ತು" ಎಂದು ತಾನೇ ನಕ್ಕ. ನಾನು ನಗಲಿಲ್ಲ, ಮೂರು ದಿನ ಮಾತೂ ಆಡಲಿಲ್ಲ.

ಇದೆಲ್ಲ ಹೋಗಲಿ. ಇದನ್ನು ಸಹಿಸಿಕೊಂಡೇನು. ನನ್ನನ್ನು ಒಳಗಿನಿಂದ ತಿನ್ನುತ್ತಿದ್ದದ್ದು ಅತ್ತೆಯ ಫೋನ್ ಕರೆ.

ನಮ್ಮಲ್ಲಿ ಮನೆಯೂ ಹೆತ್ತವರೂ ಕಿರಿಮಗನ ಪಾಲಿಗೆ. ಹಾಗಾಗಿ ಅತ್ತೆ ಇರುವುದು ಜಿಪಾರಾಳ ಜೊತೆ. ಅವಳ ಗಂಡ ವರ್ಷದಲ್ಲಿ ಒಂಬತ್ತು ತಿಂಗಳು ರಷ್ಯಾದಲ್ಲಿ ದುಡಿಯುತ್ತಾನೆ, ಅತ್ತೆ ಸೊಸೆ ಇಬ್ಬರೇ ಮನೆಯಲ್ಲಿ. ಬೇಸಿಗೆ ಬಂದರೆ ಅತ್ತೆ ತಮ್ಮ ಕುದುರೆಗಳನ್ನು ಹೊಡೆದುಕೊಂಡು ನೆಂಟರ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ಸೆಪ್ಟೆಂಬರಿನವರೆಗೂ ಅಲ್ಲೇ ಕಂಬಳಿ ಹೊದಿಸಿದ ಗುಡಾರದಲ್ಲಿ ವಾಸ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಒಂದು ಗುಡ್ಡದ ಮೇಲೆ. ಕೆಳಗಿನಿಂದ ನಾವು ಎಷ್ಟು ಸಲ ಕರೆ ಮಾಡಿದರೂ ಹೋಗುವುದಿಲ್ಲ. ಅವರೇ ಗುರುವಾರ ಗುರುವಾರ ಕುದುರೆ ಏರಿ ಗುಡ್ಡ ಹತ್ತಿ ಮಾಡಬೇಕು. ಹತ್ತಿ ಮಾಡುತ್ತಿದ್ದದ್ದು ಒಂದೇ ಕರೆ, ಜಿಪಾರಾಳಿಗೆ. ಅತ್ತೆಯದು ಗುಂಡಿ ಒತ್ತುವ ಹಳೇ ಫೋನು, ಎರಡನೇ ಅಂಕಿಯ ಗುಂಡಿ ಒತ್ತಿ ಹಿಡಿದರೆ ಕರೆ ಜಿಪಾರಾಳಿಗೆ. ಅವಳು ಪ್ರತಿ ಬೇಸಿಗೆಗೂ ಹೊಸ ಬ್ಯಾಟರಿ ಹಾಕಿ, ಇನ್ನೆರಡನ್ನು ತುಂಬಿಸಿ ಚೀಲಕ್ಕೆ ಕಟ್ಟಿ ಕಳಿಸುತ್ತಿದ್ದಳು. ಗುರುವಾರದ ಕರೆ ಮುಗಿದ ಮೇಲೆ ರಸ್ತೆ ದಾಟಿ ನನ್ನ ಅಂಗಡಿಗೆ ಬಂದು, "ಅಕ್ಕಾ, ಅಪಾ ಫೋನ್ ಮಾಡಿದ್ರು. ನಿಮ್ಮನ್ನೂ ಕೇಳಿದ್ರು" ಎನ್ನುತ್ತಿದ್ದಳು. ನಿಮ್ಮನ್ನೂ! ಹನ್ನೊಂದು ವರ್ಷ ಆ 'ಊ' ಅನ್ನು ನಾನು ತಿಂದಿದ್ದೇನೆ. ನನಗೆ ಬೇಕಾದದ್ದು ದೊಡ್ಡದೇನಲ್ಲ. ಒಂದೇ ಒಂದು ಸಲ ಅತ್ತೆ ಆ ಗುಡ್ಡ ಹತ್ತಿ ನನಗೆ, ನನಗಾಗಿ, ಫೋನ್ ಮಾಡಬೇಕು.

ಹೋದ ಜೂನಿನಲ್ಲಿ ಅತ್ತೆ ಮೇಲಕ್ಕೆ ಹೊರಡುವ ದಿನ ಕುರಿ ಕಡಿದು ನೆಂಟರನ್ನೆಲ್ಲ ಕರೆದಿದ್ದೆವು. ಊಟ ಮುಗಿದ ಮೇಲೆ ಎಲ್ಲರ ಮುಂದೆ ನಾನು ಡಬ್ಬ ತೆಗೆದು ಹೊಸ ಫೋನನ್ನು ಅತ್ತೆಯ ಮಡಿಲಿಗಿಟ್ಟೆ. ನನ್ನ ಅಂಗಡಿಯಲ್ಲೇ ದೊಡ್ಡದು, ಬ್ಯಾಟರಿಯೂ ದೊಡ್ಡದು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರ ಬೆನ್ನು ತೆಗೆಯೋದು ಹೇಗೆ?"

"ತೆಗೆಯೋ ಹಾಗಿಲ್ಲ ಅಪಾ. ತೆಗೆಯೋ ಅವಶ್ಯಕತೇನೇ ಇಲ್ಲ" ಎಂದು ನಾನು ಜಿಪಾರಾಳ ಕಡೆ ನೋಡುತ್ತಾ ಹೇಳಿದೆ. ಅವಳು ಬಟ್ಟಲಿಗೆ ಚಹಾ ಸುರಿಯುತ್ತಾ, "ಒಳ್ಳೇ ಫೋನ್ ಅಪಾ. ಅಕ್ಕ ಒಳ್ಳೇದನ್ನೇ ಆರಿಸಿದ್ದಾರೆ" ಎಂದಳು. ಅತ್ತೆ ಎರಡೂ ಅಂಗೈ ಚಾಚಿ ಹರಸಿ ಮುಖ ಸವರಿಕೊಂಡರು. ನೆಂಟರೂ ಸವರಿಕೊಂಡರು. ಆ ಕ್ಷಣಕ್ಕೆ ನಾನು ಅಷ್ಟೆತ್ತರಕ್ಕೆ ಹೋಗಿದ್ದೆ.

ಅತ್ತೆಗೆ ಕಣ್ಣು ಮಂಜು, ಅಕ್ಷರ ಓದಲಾಗುವುದಿಲ್ಲ. ಮುಖ ಒತ್ತಿದರೆ ಸಾಕು, ಕರೆ ಹೋಗುವ ಹಾಗೆ ನಾನೇ ಕೂತು ಫೋಟೊಗಳನ್ನು ಜೋಡಿಸಿಕೊಟ್ಟೆ. ಮೊದಲು ನನ್ನದು, ಆಮೇಲೆ ಮೆಲಿಸ್, ಬಿಷ್ಕೆಕ್‌ನಲ್ಲಿರುವ ನಾದಿನಿ, ಕೊನೆಗೆ ಕುದುರೆಗಳ ಡಾಕ್ಟರು. ನಿಲ್ಲಿಸಿಬಿಟ್ಟೆ. ಜಿಪಾರಾಳ ಫೋಟೊ ನನ್ನ ಫೋನಿನಲ್ಲಿತ್ತು, ಬೆರಳೂ ಅದರ ಮೇಲೆಯೇ ಇತ್ತು. ಹಾಕಲಿಲ್ಲ. ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ, ನಂಬಲಿಲ್ಲ. ಹಳೇ ಫೋನನ್ನು, "ಇದು ಇನ್ಯಾಕೆ ಅಪಾ, ನನ್ನ ಹತ್ರ ಇರಲಿ" ಎಂದು ಇಸಿದುಕೊಂಡೆ.

ಎರಡನೇ ಗುರುವಾರ ಮಧ್ಯಾಹ್ನ ನನ್ನ ಫೋನು ಹೊಡೆದುಕೊಂಡಿತು. ಅತ್ತೆ! ಹಿಂದೆ ಗಾಳಿ ಬೀಸುತ್ತಿತ್ತು, ಯಾರೋ ಕೆಮ್ಮಿದ ಹಾಗಿತ್ತು. "ಸಬೀರಾ, ಕೇಳ್ತಿದೆಯಾ? ಎಲ್ಲ ಚೆನ್ನಾಗಿದ್ದೀವಿ. ಕಂದು ಕುದುರೆ ಹೆಣ್ಣು ಮರಿ ಹಾಕಿದೆ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಮರಿಗೆ ಬಂದದ್ದಲ್ಲ. ಗಿರಾಕಿಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಓಡಿದೆ.

"ಸುಯುಂಚು! ಸುಯುಂಚು ಕೊಡು! ಅಪಾ ಫೋನ್ ಮಾಡಿದ್ರು!" ಎಂದು ಡಬ್ಬಿಯ ಬಾಗಿಲಲ್ಲೇ ಕೂಗಿದೆ. ಒಳ್ಳೆ ಸುದ್ದಿ ತಂದವರು ಹಾಗೆ ಕೂಗಿ ಉಡುಗೊರೆ ಕೇಳುತ್ತಾರೆ, ಕೇಳಿದವರು ಇಲ್ಲವೆನ್ನುವ ಹಾಗಿಲ್ಲ.

ಜಿಪಾರಾಳ ಕೈ ಜಾರಿತು. ಅಂಟು ಬಿಡಿಸುತ್ತಿದ್ದ ಚೂರು ಹೆಬ್ಬೆರಳಿಗೆ ನೆಟ್ಟು ರಕ್ತ ಬಂತು. ಅವಳ ಕೈ ಜಾರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆರಳನ್ನು ಬಾಯಿಗಿಟ್ಟುಕೊಂಡು, "ನಿಮಗಾ? ಚೆನ್ನಾಗಿದ್ದಾರಾ?" ಎಂದು ಕೇಳಿದಳು.

"ಚೆನ್ನಾಗಿದ್ದಾರೆ. ಕಂದು ಕುದುರೆ ಮರಿ ಹಾಕಿದೆ."

"ಹಾಗಾದ್ರೆ ಸರಿ ಬಿಡಿ. ಎರಡು ವಾರದಿಂದ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ." ಸ್ವಲ್ಪ ತಡೆದು, "ನನ್ನ ನಂಬರೂ ಹಾಕಿಕೊಟ್ಟಿದ್ದೀರಲ್ಲ ಅಕ್ಕಾ?" ಎಂದಳು.

"ಹಾಕದೆ ಇರ್ತೀನಾ?" ಎಂದೆ ನಾನು.

ಅವಳು ತಲೆಗೆ ಕಟ್ಟಿದ್ದ ರೇಷ್ಮೆ ಚೌಕವನ್ನು ಬಿಚ್ಚಿ, ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಗಂಡ ರಷ್ಯಾದಿಂದ ತಂದುಕೊಟ್ಟದ್ದು ಅದು, ಅವಳ ಹತ್ತಿರ ಇದ್ದ ಒಳ್ಳೆಯ ವಸ್ತು ಅದೊಂದೇ. ಒಂದು ಚಾಕಲೇಟು ಕೊಟ್ಟಿದ್ದರೂ ಪದ್ಧತಿ ಮುಗಿಯುತ್ತಿತ್ತು. ಕೊಡುವುದರಲ್ಲೂ ಅವಳದೇ ಮೇಲುಗೈ ಆಗಬೇಕೇ? ಬೇಡವೆನ್ನಲು ಬಾಯಿ ತೆರೆದೆ, ಆದರೆ ಕೈ ತಾನಾಗಿಯೇ ಮುಂದೆ ಹೋಗಿತ್ತು.

ಮೂರನೇ ಗುರುವಾರ ಅತ್ತೆ ಕೇಳಿದರು. "ಇದರಲ್ಲಿ ಜಿಪಾರಾಳ ಮುಖ ಎಲ್ಲಿದೆ? ಹುಡುಕಿ ಹುಡುಕಿ ಸಾಕಾಯ್ತು. ನಿನಗೆ ಮಾಡೋಣ ಅಂದ್ರೂ ಡಾಕ್ಟ್ರಿಗೆ ಹೋಗುತ್ತೆ."

"ಅಪಾ, ಹೊಸ ಫೋನಿನಲ್ಲಿ ನಾಲ್ಕೇ ಮುಖ ಹಿಡಿಯೋದು" ಎಂದೆ.

"ಇಷ್ಟು ದೊಡ್ಡ ಫೋನಿನಲ್ಲಾ? ಹಳೇದರಲ್ಲಿ ಊರೇ ಹಿಡೀತಿತ್ತಲ್ಲೇ!"

"ಅದು ಗುಂಡಿ ಫೋನ್ ಅಪಾ, ಅದರ ಲೆಕ್ಕವೇ ಬೇರೆ." ನಾನು, ದಿನಕ್ಕೆ ಹತ್ತು ಜನಕ್ಕೆ ಹೊಸ ಫೋನಿನ ಗುಣಗಾನ ಮಾಡುವವಳು, ನನ್ನ ಸರಕಿನ ಮೇಲೆ ನಾನೇ ಹೀಗೆ ಸುಳ್ಳು ಹೊರಿಸಿದೆ. ಜಿಪಾರಾ ಮಾತ್ರ ಗುರುವಾರ ಮಧ್ಯಾಹ್ನಗಳಲ್ಲಿ ಕೆಲಸ ಬಿಟ್ಟು ತನ್ನ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಅತ್ತೆ ಬೇಕೆಂದೇ ತನ್ನನ್ನು ಬಿಟ್ಟರು ಎಂದು ಅವಳು ತಿಳಿದಿದ್ದಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು, ಆದರೆ ಆ ಹೊತ್ತಿಗೆ ಕಿಟಕಿಗೆ ಬೆನ್ನು ಮಾಡಿ ಕೂರತೊಡಗಿದೆ.

ಏಳನೇ ಗುರುವಾರ ಜಿಪಾರಾಳ ಡಬ್ಬಿಗೆ ಬೀಗ. ಬಿಷ್ಕೆಕ್‌ಗೆ ಬ್ಯಾಟರಿ ತರಲು ಹೋಗಿರಬೇಕು ಎಂದುಕೊಂಡೆ. ಬೀಗ ನೋಡಿದವರು ನನ್ನ ಕಡೆ ತಿರುಗಿದರು, ಮಧ್ಯಾಹ್ನಕ್ಕೇ ಮೂರು ಫೋನು ಹೋಗಿದ್ದವು. ನಾನು ಒಳ್ಳೇ ಗೆಲುವಿನಲ್ಲಿದ್ದಾಗ ಅತ್ತೆಯ ಕರೆ ಬಂತು.

"ಸಬೀರಾ, ಜಿಪಾರಾ ನನ್ನ ವಿಷಯ ಕೇಳ್ತಾಳೇನೇ?"

ನನಗೆ ರೇಗಿತು. ಕರೆ ನನಗೆ, ಕೇಳುವುದು ಅವಳನ್ನು. "ಅವಳೆಲ್ಲಿ ಕೇಳ್ತಾಳೆ ಅಪಾ! ಅವಳಿಗೆ ಬ್ಯಾಟರಿ ಆಯ್ತು, ಅವಳಾಯ್ತು. ಇವತ್ತೂ ಅಂಗಡಿ ಮುಚ್ಕೊಂಡು ಬಿಷ್ಕೆಕ್‌ನಲ್ಲಿ ಸುತ್ತಾಡ್ತಿದ್ದಾಳೆ. ಏಳು ವಾರದಲ್ಲಿ ಒಂದು ದಿನ 'ಅಪಾ ಹೇಗಿದ್ದಾರೆ' ಅಂದವಳಲ್ಲ. ನೀವೇ ಅವಳನ್ನ ತಲೆ ಮೇಲೆ ಕೂರಿಸ್ಕೊಂಡಿರೋದು. ಹಳೇದಕ್ಕೆ ತೇಪೆ ಹಾಕಿ ಹಾಕಿ ನಿಮ್ಮನ್ನ ಮರುಳು ಮಾಡಿದ್ದಾಳೆ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಕಡೆಯಿಂದ ಒಬ್ಬ ಗಂಡಸಿನ ದನಿ, "ಏ ಸಬೀರಾ, ಸ್ವಲ್ಪ ಮೆಲ್ಲಗಮ್ಮಾ! ಇಲ್ಲಿ ಹನ್ನೆರಡು ಜನ ಸಾಲಲ್ಲಿ ನಿಂತಿದ್ದೀವಿ!"

ಯಾರೋ ನಕ್ಕರು. ಒಂದು ಕುದುರೆ ಕೆನೆಯಿತು. ಹನ್ನೊಂದು ವರ್ಷದಲ್ಲಿ ಅಂಗಡಿ ಮುಚ್ಚಿ ಒಂದು ಸಲವೂ ಆ ಗುಡ್ಡ ಹತ್ತದ ನನಗೆ ಅಲ್ಲಿಯ ರೀತಿ ಹೇಗೆ ಗೊತ್ತಿರಬೇಕು? ಗುಡ್ಡದ ತುದಿಯಲ್ಲಿ ಒಂದು ಕಂಬ, ಕಂಬಕ್ಕೆ ಹೊಡೆದ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ. ಫೋನು ಆ ಬಾಟಲಿಯೊಳಗೆ ನೆಟ್ಟಗೆ ಕೂತರೆ ಮಾತ್ರ ಸಿಗ್ನಲ್, ಒಂದು ಗೇಣು ಆಚೆ ಈಚೆ ಆದರೆ ಇಲ್ಲ. ಹಾಗಾಗಿ ಎಲ್ಲರೂ ಸ್ಪೀಕರ್ ಹಾಕಿ, ಸುತ್ತ ನಿಂತವರ ಮುಂದೆಯೇ ಕೂಗಿ ಮಾತಾಡುತ್ತಾರೆ. ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು.

"ಸಬೀರಾ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಜಿಪಾರಾ ಇಲ್ಲೇ ಇದ್ದಾಳೆ. ನಿನ್ನೆ ರಾತ್ರಿ ಬಂದ್ಲು. ಗಾಳಿಗೆ ಕಂಬ ಅಲ್ಲಾಡುತ್ತೆ ಅಂತ ಹಿಡ್ಕೊಂಡು ನಿಂತಿದ್ದಾಳೆ." ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. "ಹನ್ನೊಂದು ವರ್ಷ ನಿನಗೆ ಯಾಕೆ ಮಾಡ್ತಿರಲಿಲ್ಲ ಗೊತ್ತೇನೇ? ಮೊದಲನೇ ವರ್ಷ ಒಂದು ಸಲ ಮಾಡಿದ್ದೆ, ನೀನು ಮರೆತಿದ್ದೀಯ. ಕಾಲು ನೋವು ಅಂದ್ರೆ, ಅಪಾ ನಿಮ್ಮ ದನಿ ಸರಿಯಾಗಿ ಕೇಳ್ತಿಲ್ಲ, ಹೊಸ ಫೋನ್ ತಗೊಳ್ಳಿ ಅಂದೆ. ನಿನ್ನ ಹತ್ರ ಮಾತಾಡಿದ್ರೆ ನಾನು ಅತ್ತೆ ಆಗಿರಲ್ಲ ಕಣೇ, ಗಿರಾಕಿ ಆಗ್ತೀನಿ. ಮತ್ತೆ ಈ ನಾಲ್ಕು ಮುಖದ ವಿಷಯ..."

"ಅಪಾ, ಸಾಕು, ಬಿಡಿ" ಎಂದು ಜಿಪಾರಾಳ ದನಿ ಹತ್ತಿರ ಬಂತು. ಬಾಟಲಿಯ ಅಂಚಿಗೆ ಏನೋ ತಗುಲಿದ ಸದ್ದಾಯಿತು, ಕರೆ ಕಡಿದುಹೋಯಿತು.

ತಿರುಗಿ ಮಾಡಿದೆ, ಹೋಗಲಿಲ್ಲ. ಅರ್ಧ ಗಂಟೆಯ ನಂತರ ಮೆಲಿಸ್ ಅಂಗಡಿಗೆ ಬಂದು, "ಅಮ್ಮ ಈಗಷ್ಟೇ ನೀನು ಕೊಟ್ಟ ಫೋನಿಂದ್ಲೇ ಮಾಡಿದ್ರು. ಇಪ್ಪತ್ತು ನಿಮಿಷ ಮಾತಾಡಿದ್ರು. ಹಿಟ್ಟು, ಉಪ್ಪು ಕಳಿಸಬೇಕಂತೆ" ಎಂದ. ನನ್ನ ವಿಷಯ ಏನಾದರೂ ಹೇಳಿದರೇ ಎಂದು ಕೇಳಿದೆ. ಏನೂ ಹೇಳಲಿಲ್ಲವಂತೆ.

ಶನಿವಾರ ಬೆಳಿಗ್ಗೆ ಜಿಪಾರಾ ನನ್ನ ಅಂಗಡಿಗೆ ಬಂದಳು. ಬಿಸಿಲಿಗೆ ಮೂಗು ಸುಲಿದಿತ್ತು, ಮೈಗೆಲ್ಲ ಕುದುರೆಯ ವಾಸನೆ. ಇಬ್ಬರು ಗಿರಾಕಿಗಳು ಗಾಜಿನ ಬೀರುವಿನ ಮುಂದೆ ನಿಂತಿದ್ದರು. ಈಗ ಬೈಯುತ್ತಾಳೆ, ಎಲ್ಲರೆದುರು ಮಾನ ತೆಗೆಯುತ್ತಾಳೆ ಎಂದು ನಾನು ಕಲ್ಲಿನಂತೆ ನಿಂತೆ. ಬೈಯಲಿ ಎಂದೂ ಅನಿಸಿತು. ಬೈದರೆ ನಾನೂ ಬೈಯಬಹುದಿತ್ತು, ಇಬ್ಬರೂ ಸಮ ಆಗುತ್ತಿದ್ದೆವು. ಅವಳು ಅಪಾ ಕಳಿಸಿದ ಒಣಮೊಸರಿನ ಉಂಡೆಗಳ ಚೀಲವನ್ನು ಮೇಜಿನ ಮೇಲಿಟ್ಟಳು.

"ಮೊನ್ನೆ ಮಾತಿನ ಮಧ್ಯದಲ್ಲೇ ಕಟ್ ಆಯ್ತಲ್ಲ ಅಕ್ಕಾ, ಅಪಾ ಬೇಜಾರು ಮಾಡ್ಕೊಂಡ್ರು" ಎಂದಳು, ನನ್ನ ಕಣ್ಣನ್ನು ನೇರವಾಗಿ ನೋಡುತ್ತಾ. "ಬ್ಯಾಟರಿ ಖಾಲಿ ಆಗ್ಬಿಟ್ಟಿತ್ತು."

ಗಿರಾಕಿಗಳಲ್ಲೊಬ್ಬ ಕೈಯಲ್ಲಿದ್ದ ಹೊಸ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಜಿಪಾರಾ ಹೇಳಿದ್ದೆಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ನಾನೂ ಕೇಳಲಿಲ್ಲ. "ಹೌದು, ಹಾಗಾಗುತ್ತೆ" ಎಂದೆ. ಅವಳು ತಲೆಯಾಡಿಸಿ, ರಸ್ತೆ ದಾಟಿ, ಬೀಗ ತೆಗೆದು, ಕೈಗವಸು ಹಾಕಿಕೊಂಡು ಕೆಲಸಕ್ಕೆ ಕೂತಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಬ್ಯಾಟರಿಯ ವಿಷಯದಲ್ಲಿ ಒಂದೇ ಒಂದು ಸುಳ್ಳು ಹೇಳಿದವಳು, ಅದನ್ನೂ ನನಗಾಗಿ ಹೇಳಿದ್ದಳು. ನನ್ನ ಕೈಯಲ್ಲಿ ಅಂಥದ್ದು ಆಗುತ್ತಿತ್ತೇ ಎಂದು ಯೋಚಿಸಿದೆ. ಆಗುತ್ತಿರಲಿಲ್ಲ. ಹೊಟ್ಟೆ ಉರಿಯಿತು, ಈ ಸಲ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.